ಮಡಗಿ, ಕರ್ಸ್ತೀನಿ

ಟೆಲಿಫೋನಿಗೂ ಒಂದು ವಾಸನೆ ಇರುತ್ತದೆ ಎಂದರೆ ಈಗಿನವರು ನಕ್ಕಾರು. ಮೊನ್ನೆ ಟಿ. ನರಸೀಪುರದಲ್ಲಿ ಒಬ್ಬರ ಮನೆಯ ಶೋಕೇಸಿನಿಂದ ಹಳೆಯ ಕಪ್ಪು ಫೋನೊಂದನ್ನು ಇಳಿಸಿ, ರಿಸೀವರನ್ನು ಸುಮ್ಮನೆ ಕಿವಿಗೆ ಹಿಡಿದೆ. ವೈರು ಯಾವತ್ತೋ ಹೋಗಿತ್ತು. ಆದರೆ ಮಾತಾಡುವ ಕಡೆಯ ತೂತುಗಳಲ್ಲಿ ವಿಭೂತಿ ಇನ್ನೂ ಕೂತಿತ್ತು. ಆ ವಾಸನೆ ಬಂದದ್ದೇ ತಡ, ನಾನು ನಂಜನಗೂಡಿನ ನಮ್ಮ ಬೀದಿಯಲ್ಲಿದ್ದೆ... ಎದುರು ಮನೆ ಅತ್ತೆಯ ಪಡಸಾಲೆಯಲ್ಲಿ.

ಅತ್ತೆ ಎಂದರೆ ನೆಂಟಸ್ತನವೇನಲ್ಲ. ಬೀದಿಯ ಮಕ್ಕಳೆಲ್ಲ ಹಾಗೇ ಕರೆಯುತ್ತಿದ್ದೆವು. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗೆ ಇದ್ದದ್ದು ಅವರ ಮನೆಯದೊಂದೇ ಫೋನು. ನಮ್ಮೆಲ್ಲರ ಮದುವೆ ಪತ್ರಿಕೆಗಳಲ್ಲೂ ವಿಳಾಸದ ಕೆಳಗೆ ಅವರ ನಂಬರು, ಪಕ್ಕದಲ್ಲಿ 'ಪಿ.ಪಿ.' ಎಂದು ಅಚ್ಚಾಗುತ್ತಿತ್ತು. ಪಕ್ಕದ ಮನೆಯವರು ಕರೆದುಕೊಡುತ್ತಾರೆ ಎಂದು ಅದರ ಅರ್ಥ.

ಕರೆದುಕೊಡುವುದಕ್ಕೆ ಅತ್ತೆಯದೇ ಒಂದು ಕ್ರಮವಿತ್ತು. ಪೂಜೆ ಮುಗಿಸಿದ ಕೈಯಲ್ಲೇ ಫೋನೆತ್ತಿ, "ಯಾರು? ಯಾವೂರು? ಯಾರ ಮನೇರು? ಏನ್ ಸಮಾಚಾರ?" ಎಂದು ಎಲ್ಲವನ್ನೂ ಕೇಳುವರು. ಆಮೇಲೆ, ಅತ್ತ ಕಡೆ ಇರುವವರು ಸಾಹೇಬರೇ ಆಗಲಿ ಬೀಗರೇ ಆಗಲಿ, ಒಂದೇ ಮಾತು: "ಮಡಗಿ. ಹತ್ ನಿಮ್ಸ ಬುಟ್ಟು ಮಾಡಿ, ಕರ್ಸ್ತೀನಿ." ಫೋನು ಇಟ್ಟುಬಿಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ ಎಂದು. ಲೈನಿನಲ್ಲಿ ಕಾಯಿಸಿದರೆ ಪಾಪ, ಅವರಿಗೆ ದುಡ್ಡು ಏರುತ್ತದಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ನಾನು ತಡವಾಗಿ ಕಂಡುಕೊಂಡೆ. ಒಮ್ಮೆ ಕವಲಂದೆಯಿಂದ ಸಾವಿನ ಸುದ್ದಿ ಬಂತು, ನಮ್ಮ ಪಕ್ಕದ ಮನೆಯಾಕೆಯ ಅಣ್ಣ ಹೋಗಿದ್ದ. ಅತ್ತೆ ಆಕೆಯ ಮನೆಗೆ ಹೋಗಿ, "ಉಂಡ್ಯಾ ಅವ್ವಾ?" ಎಂದು ಕೇಳಿ, ಆಕೆ ತಟ್ಟೆ ತೊಳೆದಿಡುವವರೆಗೂ ಬಾಗಿಲಲ್ಲಿ ಕೂತಿದ್ದು, ಆಮೇಲೆ ಕೈ ಹಿಡಿದುಕೊಂಡು ಹೇಳಿದರು. ಯಾವ ಮಾತೂ ಫೋನಿನಿಂದ ನೇರವಾಗಿ ಮನುಷ್ಯರ ಮೇಲೆ ಬೀಳಬಾರದು, ನಡುವೆ ಒಬ್ಬರು ಇರಬೇಕು ಎಂಬುದು ಅವರ ಲೆಕ್ಕಾಚಾರವಾಗಿತ್ತೋ ಏನೋ...

ಆಮೇಲೆ ಮನೆಮನೆಗೂ ಫೋನು ಬಂತು. ಅತ್ತೆಯ ಫೋನು ಸುಮ್ಮನಾಯಿತು. ಕೆಟ್ಟಿದೆಯೋ ಹೇಗೆ ಎಂದು ಅವರು ಆಗಾಗ ಎತ್ತಿ ನೋಡುತ್ತಿದ್ದರಂತೆ.

ನಮ್ಮ ಮನೆಯ ಫೋನು ಅಜ್ಜಿಯ ಮಂಚದ ಪಕ್ಕದಲ್ಲಿತ್ತು. ಅಜ್ಜಿ ಹೆಡತಲೆ ಎಂಬ ಊರಿನವಳು. ತನ್ನ ಪಾಲಿನ ಹೊಲ ಮಾರಿದ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದಳು, ಅದಕ್ಕೆ ಅವಳು ಇಟ್ಟ ಹೆಸರು 'ಮಣ್ಣಿನ ದುಡ್ಡು'. ತಾತನ ಸಮಾಧಿಯ ಪಕ್ಕದಲ್ಲೇ ತನ್ನನ್ನು ಮಣ್ಣು ಮಾಡಬೇಕು, ಊರಿಗೆಲ್ಲ ಊಟ ಹಾಕಬೇಕು, ಅದಕ್ಕೆ ಮಕ್ಕಳು ಯಾರ ಮುಂದೆಯೂ ಕೈ ಒಡ್ಡಬಾರದು. ಬ್ಯಾಂಕಿನವರು ಕೊಟ್ಟ ಕಾರ್ಡು ಅವಳ ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಜೊತೆ ಇರುತ್ತಿತ್ತು. ಗುಟ್ಟಿನ ನಂಬರನ್ನು ಅಪ್ಪ ಬಾಯಿಪಾಠ ಮಾಡಿಸಿದ್ದರು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಫೋನು ಬಂತು. ಮುಂದಿನದನ್ನು ನಾನು ಇಬ್ಬರ ಬಾಯಲ್ಲೂ ಕೇಳಿದ್ದೇನೆ. ಅಜ್ಜಿ ಹೇಳುವಾಗ ಆ ಹುಡುಗ ಬಲು ಮರ್ಯಾದಸ್ಥ, ಅತ್ತೆ ಹೇಳುವಾಗ ಕಳ್ಳ. ಉಳಿದಂತೆ ಕತೆ ಒಂದೇ. ತಾನು ಬ್ಯಾಂಕಿನ ದೊಡ್ಡ ಆಫೀಸಿನಿಂದ ಮಾತಾಡುತ್ತಿದ್ದೇನೆ, ಅಜ್ಜಿಯ ಕಾರ್ಡು ಇವತ್ತೇ ಬಂದ್ ಆಗುತ್ತದೆ, ಕಾರ್ಡಿನ ಮೇಲಿರುವ ನಂಬರು ಮತ್ತು ಗುಟ್ಟಿನ ನಂಬರು ಹೇಳಿದರೆ ಉಳಿಸಿಕೊಡುತ್ತೇನೆ ಎಂದನಂತೆ. ಗುಟ್ಟಿನದು ಅಜ್ಜಿಯ ನಾಲಗೆ ತುದಿಯಲ್ಲೇ ಇತ್ತು. ಆದರೆ ಕಾರ್ಡಿನ ಮೇಲಿನದನ್ನು ಓದಲು ಅವಳಿಗೆ ಬರುತ್ತಿರಲಿಲ್ಲ.

"ವಸಿ ತಡ್ಕಪ್ಪ, ಓದುಸ್ಕಬತ್ತೀನಿ" ಎಂದವಳೇ ರಿಸೀವರನ್ನು ಮಂಚದ ಮೇಲೆ ಮಲಗಿಸಿ, ಕಾರ್ಡು ಹಿಡಿದು ಬೀದಿ ದಾಟಿದಳು. ಓದು ಬರಹದ ಕೆಲಸಕ್ಕೆ ಎದುರು ಮನೆಗೆ ಹೋಗುವುದು ಅವಳ ಹಳೆಯ ರೂಢಿ.

ಅತ್ತೆ ಕಾರ್ಡು ಓದಲಿಲ್ಲ. ಅಜ್ಜಿಯ ಜೊತೆಗೇ ಬಂದು ನಮ್ಮ ಫೋನೆತ್ತಿದರು.

"ಯಾರು ಮಾತಾಡದು? ಯಾವೂರು?"

ಬೆಂಗಳೂರು ಎಂದನಂತೆ.

"ಅದು ಎಲ್ರೂ ಇರಾ ಊರು. ನಿಮ್ಮೂರು ಯಾವ್ದು? ಯಾರ ಮನೇರು?"

ಅವನು ಅದಕ್ಕೆ ಉತ್ತರ ಕೊಡದೆ, ತಡ ಮಾಡಿದರೆ ದುಡ್ಡೆಲ್ಲ ಮುಟ್ಟುಗೋಲು ಆಗುತ್ತದೆ, ಫೋನು ಮಾತ್ರ ಇಡಬೇಡಿ ಎಂದ. ಬೀದಿಯ ಕರೆಗಳನ್ನೆಲ್ಲ ಕಂಡ ಕಿವಿ ಅದು. ಊರು ಹೇಳದವರನ್ನೂ ಕೇಳಿತ್ತು, ಹೆಸರು ಹೇಳದವರನ್ನೂ ಕೇಳಿತ್ತು. ಇಡಬೇಡಿ ಎಂದು ಬೇಡಿಕೊಂಡವರನ್ನು ಮಾತ್ರ ಕೇಳಿರಲಿಲ್ಲ.

"ಮಡಗಿ. ಹತ್ ನಿಮ್ಸ ಬುಟ್ಟು ಮಾಡಿ, ಕರ್ಸ್ತೀನಿ" ಎಂದು ತಾವೇ ಇಟ್ಟುಬಿಟ್ಟರು.

ಅಜ್ಜಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಊರೋರ ಪೋನೆಲ್ಲ ಮಡಗಿ ಮಡಗಿ ಚಾಳಿ ಬಿದ್ದೋಗದೆ ನಿಂಗೆ. ನನ್ ಮಣ್ಣಿನ ದುಡ್ಡು ಹೋದ್ರೆ ನೀ ಕೊಟ್ಟೀಯಾ?"

"ಹೋದ್ರೆ ನಮ್ಮ ಹಿತ್ಲಲ್ಲೇ ಹೂಣ್ತೀನಿ, ಬಾ ಅಜ್ಜಿ. ಬ್ಯಾಂಕೇನು ಕಾಶೀಲಿ ಇದ್ದದಾ?"

ಫೋನು ಮತ್ತೆ ಬಡಿದುಕೊಳ್ಳುತ್ತಿದ್ದಂತೆಯೇ ಬಾಗಿಲು ಎಳೆದುಕೊಂಡು ಇಬ್ಬರೂ ನಡೆದರು. ಬ್ಯಾಂಕಿನ ಆಫೀಸರು ಎಲ್ಲ ಕೇಳಿ, ನಾವು ಯಾರಿಗೂ ಫೋನು ಮಾಡಿ ಗುಟ್ಟಿನ ನಂಬರು ಕೇಳುವುದಿಲ್ಲ ಎಂದರು. ದುಡ್ಡು ಇದ್ದ ಹಾಗೇ ಇತ್ತು.

ವಾಪಸು ಬರುವಾಗ ಅಜ್ಜಿ ಬೀದಿಯ ತಿರುವಿನಲ್ಲಿ ನಿಂತು, "ಅಜ್ಜೀ ಅಂತ ಕರ್ದ ಕನವ್ವ. ಕಳ್ಳ ಅಂಗೆ ಕರ್ದಾನಾ?" ಎಂದಳು.

"ಕರೀಲಿ ಬುಡು. ಪೋನು ಮಡಗಾಕೇನು ಕಷ್ಟ?" ಎಂದರು ಅತ್ತೆ.

ಮರುದಿನ ಅಜ್ಜಿ ಒಂದು ಚಿಪ್ಪು ರಸಬಾಳೆ ತರಿಸಿ ಎದುರು ಮನೆಗೆ ಕೊಟ್ಟುಬಂದಳು. ಯಾಕೆ ಏನು ಎಂದು ಕೇಳಿದವರಿಗೆ, ಮನೆಯಲ್ಲಿ ಜಾಸ್ತಿಯಾಗಿತ್ತು ಎಂದಳು.

ಕೆಲವು ವರ್ಷಗಳಾದ ಮೇಲೆ ಅತ್ತೆಯನ್ನು ಮಗಳು ನರಸೀಪುರಕ್ಕೆ ಕರೆದುಕೊಂಡು ಹೋದಳು. ಮರೆವು ಶುರುವಾಗಿತ್ತು. ಮನೆಯ ಸಾಮಾನುಗಳನ್ನೆಲ್ಲ ಅವರಿವರಿಗೆ ಕೊಟ್ಟರೂ ಫೋನನ್ನು ಮಾತ್ರ ಬಿಡಲಿಲ್ಲವಂತೆ, ಮಡಿಲಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ಕೂತರಂತೆ.

ಅಜ್ಜಿ ತೀರಿಕೊಂಡ ಬೆಳಿಗ್ಗೆ ಸುದ್ದಿ ತಿಳಿಸಲು ಆ ಮನೆಗೆ ಫೋನು ಮಾಡಿದೆ. ಎತ್ತಿದ್ದು ಅತ್ತೆಯೇ.

"ಯಾರು? ಯಾವೂರು? ಯಾರ ಮನೇರು?"

ಹೇಳಿದೆ. ಗುರುತು ಹತ್ತಲಿಲ್ಲ.

"ಯಾರು ಬೇಕಾಗಿತ್ತು?"

"ನೀವೇ ಬೇಕು ಅತ್ತೆ."

"ಮಡಗಿ. ಹತ್ ನಿಮ್ಸ ಬುಟ್ಟು ಮಾಡಿ, ಕರ್ಸ್ತೀನಿ" ಎಂದರು.

ಇಟ್ಟೆ. ಹತ್ತು ನಿಮಿಷ ಕಾದು ಮತ್ತೆ ಮಾಡಿದೆ. ಮಗಳು ಎತ್ತಿದಳು. "ಅವ್ವ ಯಾರ್ನೋ ಕರ್ಯಕ್ಕೆ ಅಂತ ಬೀದಿಗೆ ಓಗ್ಯದೆ ಕಣಕ್ಕ, ಒಂದೊಂದೇ ಬಾಗ್ಲು ತಟ್ತಾ ಅದೆ" ಎಂದಳು. ಅತ್ತೆಗೆ ಅಜ್ಜಿಯ ಸುದ್ದಿ ಹೇಳಬೇಡ ಎಂದೆ. ಉಂಡಿದ್ದಾರೋ ಇಲ್ಲವೋ...

ಅಜ್ಜಿ ಹೆಡತಲೆಯಲ್ಲಿ ತಾತನ ಪಕ್ಕದಲ್ಲೇ ಮಲಗಿದ್ದಾಳೆ. ಊರೆಲ್ಲ ಅವಳ ದುಡ್ಡಿನಲ್ಲೇ ಉಂಡಿತು. ಈಗ ನನ್ನ ಅಮ್ಮನಿಗೂ ವಯಸ್ಸಾಗಿದೆ. ದಿನಕ್ಕೊಬ್ಬ ಫೋನು ಮಾಡಿ ಬಾಯ್ತುಂಬ 'ಅಮ್ಮಾ' ಎನ್ನುತ್ತಾನೆ. ಅವಳಿಗೆ ನಾನು ಹೇಳಿಕೊಟ್ಟಿರುವುದು ಅತ್ತೆಯ ಆ ಒಂದು ಮಾತನ್ನೇ. ಅಷ್ಟು ಹೇಳಿ ಕಟ್ ಮಾಡಿ, ಅಡುಗೆಮನೆಯತ್ತ ತಿರುಗಿ ನನ್ನನ್ನು ಕೂಗುತ್ತಾಳೆ.

ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಮೊನ್ನೆ ನಾನು ರಿಸೀವರು ಹಿಡಿದು ನಿಂತೇ ಇದ್ದದ್ದನ್ನು ಕಂಡು ಅವರ ಮಗಳು, "ಏನಕ್ಕ, ಕೇಳಿಸ್ತಾ ಅದಾ ಏನಾರ?" ಎಂದು ನಕ್ಕಳು. ನಾನೂ ನಕ್ಕೆ. ಬೆರಳಿಗೆ ಹತ್ತಿದ ವಿಭೂತಿಯನ್ನು ಹಣೆಗೆ ಒತ್ತಿಕೊಂಡು, ಫೋನನ್ನು ಮಡಗಿದೆ.