ಎಮ್ಮೆ ಬೇಡವೆಂದವಳ ಖಾನಾವಳಿ

ನಿನ್ನೆ ಪಕ್ಕದ ಮನೆಯಿಂದ ಪುಂಡಿಪಲ್ಲೆ ಕುದಿಯುವ ಹುಳಿ ವಾಸನೆ ಬಂತು. ಓದುತ್ತಿದ್ದ ಪೇಪರ್ ಮಡಚಿಟ್ಟೆ. ಆ ಸ್ಮೆಲ್ ಬಂದರೆ ನನಗೆ ನೆನಪಾಗುವುದು ಅಡುಗೆಮನೆಯಲ್ಲ, ಯಾದಗಿರಿಯ ಒಂದು ಬ್ಯಾಂಕು... ಮತ್ತು ಅಕ್ಕ.

ಆಗ ಶಹಾಪುರದ ಹತ್ತಿರ ಕಾಲುವೆ ಕೆಲಸ ನಡೆದಿತ್ತು. ನನ್ನವರು ಅಲ್ಲಿ ಎಂಜಿನಿಯರ್. ನಾನು ಅಕ್ಕ ಎನ್ನುತ್ತಿದ್ದವಳು ನಮ್ಮ ಕ್ವಾರ್ಟರ್ಸಿನ ಅಂಗಳ ಗುಡಿಸುವ ಹೆಂಗಸು. ಅದಕ್ಕೂ ಮೊದಲು ಕಾಲುವೆಯ ಮಣ್ಣು ಹೊತ್ತವಳು. ಮನೆಮನೆಯಲ್ಲೂ ಬುದ್ಧನ ಫೋಟೋ ಇದ್ದ ಓಣಿಯವಳು. ಊರಿನಲ್ಲಿ ಅನೇಕರು ಅವಳ ಕೈಯ ನೀರು ಕುಡಿಯುತ್ತಿರಲಿಲ್ಲ. ಅಂಥವಳು ಒಂದು ದಿನ ಪೊರಕೆ ಮೂಲೆಗಿಟ್ಟು, "ಅಮ್ಮಾರ, ಸರಕಾರದವ್ರು ಸಾಲ ಕೊಡಾಕತ್ತಾರಂತ. ನಾ ಖಾನಾವಳಿ ಇಡ್ತೀನ್ರಿ. ಅರ್ಜಿ ಬರದು ಕೊಡ್ರಿ" ಅಂದಳು.

ಬರೆದುಕೊಟ್ಟೆ. ಆದರೆ ಅವಳಿಗೆ ಖಾನಾವಳಿ ಎಂದರೆ ಸಾಲ ಸಿಗಲಿಕ್ಕಿಲ್ಲವೆಂದು ಉದ್ಯೋಗದ ಕಾಲಮ್ಮಿನಲ್ಲಿ ಟೇಲರಿಂಗ್ ಎಂದು ತುಂಬಿದೆ. ಟ್ಯಾಕ್ಟ್ ಇರಬೇಕು ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರಲ್ಲ! ಓದಿ ಹೇಳಿದಾಗ ಅಕ್ಕ ನಕ್ಕಳು. "ನನಗ ಸೂಜ್ಯಾಗ ದಾರ ಪೋಣಸಾಕ ಬರಂಗಿಲ್ರಿ. ಖರೇ ಬರೀರಿ." ಹೊಸ ಫಾರ್ಮ್ ತರಿಸಿ, ನಾಚಿಕೊಂಡು, ಖಾನಾವಳಿ ಎಂದೇ ಬರೆದೆ.

ಬ್ಯಾಂಕಿಗೆ ನಾನೂ ಹೋದೆ. ಮ್ಯಾನೇಜರ್ ಕೆಟ್ಟವರಲ್ಲ, ಪೊಲೈಟ್ ಮನುಷ್ಯ. ಫಾರ್ಮ್ ನೋಡಿ, "ಎಮ್ಮಿ ತಗೋ ಯವ್ವ, ಈ ವಾರನ ಸ್ಯಾಂಕ್ಷನ್ ಮಾಡ್ತೀನಿ. ನೀ ಖಾನಾವಳಿ ಇಟ್ರ ಉಣ್ಣಾಕ ಯಾರ್ ಬರ್ತಾರ?" ಅಂದರು.

"ಕಾಲುವಿಗೆ ಮಣ್ಣು ಹೊತ್ತೀನ್ರಿ ಸಾಹೇಬ್ರ. ಆ ನೀರು ಎಲ್ಲಾರ ಹೊಲಕ್ಕ ಹೊಂಟದ. ನೀರಿಗಿಲ್ಲದ ಮೈಲಿಗಿ ನನ್ನ ರೊಟ್ಟಿಗಷ್ಟ ಯಾಕ್ರಿ?"

ಅವರು ನನ್ನ ಕಡೆ ತಿರುಗಿದರು. "ಮೇಡಂ, ನೀವ ಹೇಳ್ರಿ. ಇಕಿ ಕೈಯಾಂದು ನೀವು ಉಣ್ತೀರೇನು?"

ನಾನು ಏನೋ ಹುಡುಕುವವಳ ಹಾಗೆ ಪರ್ಸಿನ ಜಿಪ್ ತೆಗೆದೆ. ಎರಡು ವರ್ಷ ನನ್ನ ಅಂಗಳ ಗುಡಿಸಿದವಳ ಕೈಯಿಂದ ಒಂದು ಲೋಟ ನೀರೂ ತೆಗೆದುಕೊಂಡಿರಲಿಲ್ಲ... ಆ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಅಕ್ಕ ದಾರಿಗೆಂದು ತಂದಿದ್ದ ಬುತ್ತಿಯ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಲೆ. "ಹೊತ್ತಾಗ್ಯಾದ್ರಿ ಅಮ್ಮಾರ. ಉಣ್ರಿ." ಅವಳ ಕಣ್ಣು ನನ್ನ ಮೇಲಿತ್ತು, ಮ್ಯಾನೇಜರರ ಮೇಲಲ್ಲ.

ಮುರಿದು ತಿಂದೆ. ಇನ್ನೊಂದು ತುಣುಕು. ಹಸಿದವಳ ಹಾಗೆ ತಿಂದೆ. ಬಾಗಿಲಲ್ಲಿದ್ದ ಪ್ಯೂನ್ ಒಳಗೆ ಬಂದ. "ಎಲ್ಲಾ ಮೇಡಮ್ಮೋರ ಮುಗಸ್ತಾರೇನವ್ವ? ನನಗೊಂದೀಟು ಇಡು." ಮ್ಯಾನೇಜರ್ ಪೆನ್ನು ತಿರುಗಿಸುತ್ತ ಕುಳಿತಿದ್ದರು. ಕೊನೆಗೆ ಮೆಲ್ಲಗೆ ಕೇಳಿದರು: "ಉಳ್ಳಾಗಡ್ಡಿ ತಂದಿಲ್ಲೇನವ್ವ?"

ಸಾಲ ಸ್ಯಾಂಕ್ಷನ್ ಆಯಿತು. ನಮ್ಮ ಕ್ವಾರ್ಟರ್ಸಿದ್ದ ಕಾಲುವೆ ಕ್ಯಾಂಪಿನ ತಿರುವಿನಲ್ಲಿ ತಗಡಿನ ಛಾವಣಿ, ನಾಲ್ಕು ಬೆಂಚು, ಮೇಲೆ ಅವಳದೇ ಹೆಸರಿನ ಬೋರ್ಡು. ಅದನ್ನು ನೋಡಿದಾಗಲೆಲ್ಲ ನನ್ನ ಎದೆ ಉಬ್ಬುತ್ತಿತ್ತು. ಮೊದಲು ಲಾರಿ ಡ್ರೈವರುಗಳು ಬಂದರು, ಆಮೇಲೆ ಸುರಪುರದ ಕಡೆ ಹೋಗುವ ಗುಮಾಸ್ತರು, ಕೊನೆಗೆ ಊರಿನವರು, ಹಿಂದೊಂದು ಬಾಗಿಲು ಇದೆಯೇ ಎಂದು ಇಣುಕುತ್ತ. "ಇರೋದು ಒಂದ ಬಾಗಿಲ್ರೀ, ಮುಂದಿಂದನ ಬರ್ರಿ!" ಎಂದು ಅಕ್ಕ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

"ನಮ್ಮ ಅಮ್ಮಾರ ಮೊದಲ ಉಂಡವ್ರು" ಎಂದು ಎಲ್ಲರಿಗೂ ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ನಾನು ಹಿಂಜರಿದ ಆ ಒಂದು ನಿಮಿಷದ ಸುದ್ದಿ ಮಾತ್ರ ಯಾರಿಗೂ ಹೇಳಲಿಲ್ಲ.

ಅಕ್ಕ ಈಗಿಲ್ಲ. ರೋಡು ಅಗಲವಾಗಿ ಆ ಬೋರ್ಡೂ ಹೋಯಿತು. ನಿನ್ನೆ ಪಕ್ಕದವರು ಒಂದು ಬಟ್ಟಲು ಪುಂಡಿಪಲ್ಲೆ ಕಳಿಸಿಕೊಟ್ಟರು. ಉಳ್ಳಾಗಡ್ಡಿ ಹೆಚ್ಚಿಕೊಂಡು ಕೂತೆ. ರುಚಿಯಾಗಿಯೇ ಇತ್ತು... "ಉಣ್ರಿ" ಎಂದು ನನ್ನ ಮುಖ ನೋಡುವವಳು ಇರಲಿಲ್ಲ.