ತೇಡೆಯ ಸೇಡು

ಗಾಳಕ್ಕೆ ಬಿದ್ದ ಮೀನಿನ ಜೊತೆ ಜಗ್ಗಾಡುತ್ತಿರುವವರ ದಾರವನ್ನು ಇನ್ನೊಬ್ಬರು ಕತ್ತರಿಸಬಾರದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಉಣ್ಣುತ್ತಿರುವವರ ಮುಂದಿನ ಎಲೆ ಎಳೆಯಬಾರದು ಎಂಬುದನ್ನೂ ಬರೆದಿಟ್ಟಿಲ್ಲವಷ್ಟೆ. ನನ್ನ ಗಂಡನ ಆಫೀಸಿನ ಹಿರಿಯ ಎಂಜಿನಿಯರೊಬ್ಬರು ನನಗೆ ಮಾಡಿದ್ದು ಅದನ್ನೇ.

ಅಬುಧಾಬಿಯ ಚಳಿಗಾಲದ ಭಾನುವಾರಗಳಲ್ಲಿ ನಾವು ನಾಲ್ಕೈದು ಸಂಸಾರದವರು ಸಮುದ್ರದ ಕಲ್ಲುದಂಡೆಗೆ ಹೋಗುತ್ತೇವೆ. ಗಾಳದ ರಾಡ್ ಹಿಡಿಯುವವರು ಗಂಡಸರು, ಚಾಪೆ ಹಾಸಿ ಡಬ್ಬಿ ಬಿಚ್ಚುವವರು ಹೆಂಗಸರು. ನಾನೊಬ್ಬಳು ರಾಡ್ ಹಿಡಿದು ಗಂಡಸರ ಸಾಲಿನಲ್ಲಿ ನಿಂತಿದ್ದೆ. ಹುಬ್ಬಳ್ಳಿ ಕಡೆಯ ಆ ಹಿರಿಯರಿಗೆ ಇದು ಮೊದಲಿಂದಲೂ ಸರಿಬಂದಿರಲಿಲ್ಲ. ಅವರು ಇಲ್ಲಿಗೆ ಬಂದ ಮೇಲೆ ವಿಡಿಯೋ ನೋಡಿ ಮೀನು ಹಿಡಿಯಲು ಕಲಿತವರು. ನಾನು ಉಡುಪಿಯ ಅಳಿವೆ ಬದಿಯಲ್ಲಿ ಫ್ರಾಕು ತೊಡುವ ಕಾಲಕ್ಕೇ ಗಾಳ ಕಟ್ಟಿದವಳು.

ಆ ದಿನ ನನ್ನ ಸಿಗಡಿಯ ತುಂಡಿಗೆ ಬಿದ್ದದ್ದು ತೇಡೆ. ಮೀಸೆ ಹೊತ್ತ, ಲೋಳೆ ಮೈಯ ಮೀನು. ನೋಡಲು ಚಂದವಿಲ್ಲ, ನಮ್ಮ ಗುಂಪಿನಲ್ಲಿ ಯಾರಿಗೂ ಬೇಡ. ಆದರೆ ಅದರ ಗತ್ತು ಜಗ್ಗಿದವರಿಗೇ ಗೊತ್ತು. ಹಮೂರಿನಂಥ ದುಬಾರಿ ಮೀನು ಒಮ್ಮೆ ಬಂಡೆಯ ಸಂದಿಗೆ ನುಗ್ಗುತ್ತದೆ, ಅದು ತಪ್ಪಿದರೆ ಗೋಣಿಚೀಲದ ಹಾಗೆ ಮೇಲೆ ಬರುತ್ತದೆ. ತೇಡೆ ಹಾಗಲ್ಲ. ತಲೆ ಕೊಡವುತ್ತದೆ, ತಳಕ್ಕೆ ಇಳಿಯುತ್ತದೆ, ಸೋತಿತು ಅಂದುಕೊಂಡು ನೀವು ಉಸಿರು ಬಿಟ್ಟ ಕೂಡಲೇ ಮತ್ತೆ ಇಳಿಯುತ್ತದೆ. ದಾರ ಸುತ್ತಿದೆ, ಬಿಟ್ಟೆ, ಮತ್ತೆ ಸುತ್ತಿದೆ. ಈ ದೇಶಕ್ಕೆ ಬಂದ ಮೇಲೆ ನನಗೆ ಅಷ್ಟು ಖುಷಿ ಆದದ್ದೇ ಇಲ್ಲ.

ನೀರಿನ ಮೇಲೆ ಮೀಸೆ ಕಂಡದ್ದೇ ತಡ, ಆ ಹಿರಿಯರು ಪಕ್ಕದಿಂದ ಬಂದು ಚಾಕುವಿನಲ್ಲಿ ನನ್ನ ದಾರ ಕಡಿದುಬಿಟ್ಟರು.

“ಬಿಡ್ರಿ ವೈನಿ, ಹಲ್ಕಟ್ ಮೀನ ಅದು. ಸುಮ್ನ ಯಾಕ ಜಗ್ಗಾಡ್ತೀರಿ? ಹೋಗಿ ಚಾ ಮಾಡ್ರಿ.”

ಎಲ್ಲರೂ ನಕ್ಕರು, ನನ್ನ ಗಂಡ ಕೂಡ. ಬಾಯಲ್ಲಿ ಗಾಳ ಇಟ್ಟುಕೊಂಡೇ ಆ ಮೀನು ಹೋಯಿತು. ನಾನು ಹಲ್ಲು ಕಚ್ಚಿಕೊಂಡು ಚಾ ಮಾಡಿದೆ. ಸಕ್ಕರೆ ಹಾಕಲಿಲ್ಲ.

“ಒಂದು ಮೀನಿಗೆ ಇಷ್ಟು ಕೋಪವಾ?” ಎಂದು ಗಂಡ ಮನೆಯಲ್ಲಿ ಕೇಳಿದರು. “ಮೀನಿಗೇ,” ಎಂದೆ. ಆ ಮನುಷ್ಯ ಒಂದು ತೇಡೆಯ ಎದುರು ಸೋಲುವುದನ್ನು ಕಣ್ಣಾರೆ ನೋಡದೆ ಆ ದಂಡೆ ಬಿಡುವವಳಲ್ಲ ಎಂದು ನಿಶ್ಚಯಿಸಿದ್ದೆ. ಪ್ರತಿ ಭಾನುವಾರ ಹೋದೆ. ರಾಡ್ ಮುಟ್ಟಲಿಲ್ಲ, ಅವರ ಪಕ್ಕದಲ್ಲೇ ಕೂತೆ.

ಚಳಿ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಅವರ ರಾಡ್ ಬಾಗಿತು. “ಹಮೂರ್! ವಿಡಿಯೋ ಮಾಡ್ರಿ ಯಾರರೆ!” ಎಂದು ಕೂಗಿದರು. ದಾರ ತಳಕ್ಕೆ ಇಳಿದ ರೀತಿ ನೋಡಿಯೇ ನನಗೆ ಗೊತ್ತಾಯಿತು. ಅವರು ಬೆವೆತರು, ಏದುಸಿರು ಬಿಟ್ಟರು, ಮುಗ್ಗರಿಸಿದರು. ಎಳಿ ಮಗನೇ, ಇನ್ನೂ ಎಳಿ ಎಂದು ನಾನು ಮನಸ್ಸಿನಲ್ಲೇ ಮೀನಿಗೆ ಹೇಳುತ್ತಿದ್ದೆ. ಕೊನೆಗೆ ಕಲ್ಲಿನ ಮೇಲೆ ಬಂದು ಬಿದ್ದದ್ದು ಮೊಳದುದ್ದದ ತೇಡೆ. ಈ ಸಲ ಎಲ್ಲರೂ ನಕ್ಕದ್ದು ಅವರನ್ನು ನೋಡಿ.

ಅವರ ಮುಖ ಕೆಂಪಾಯಿತು. “ಇದನ್ನ ಇಲ್ಲೇ ಬಿಸಲಾಗ ಒಣಗಸ್ತೀನಿ,” ಎನ್ನುತ್ತ ಬರಿಗೈಯಲ್ಲಿ ಹಿಡಿಯಲು ಬಗ್ಗಿದರು. ತೇಡೆಗೆ ಬೆನ್ನಿನ ಮೇಲೊಂದು, ಎರಡೂ ಪಕ್ಕದಲ್ಲಿ ಒಂದೊಂದು ವಿಷದ ಮುಳ್ಳಿರುತ್ತದೆ.

“ಮುಟ್ಬೇಡಿ ಮಾರಾಯ್ರೆ, ಮುಳ್ಳುಂಟು,” ಎಂದೆ. ಒಂದೇ ಸಲ ಅಂದೆ, ಅದೂ ಮೆಲ್ಲಗೆ.

“ನನಗ ಕಲಸಬ್ಯಾಡ್ರಿ ವೈನಿ,” ಎಂದು ಕೈ ಹಾಕಿದರು.

ಅವರ ಕಿರುಚಾಟ ದಂಡೆಯ ಆ ತುದಿಗೂ ಕೇಳಿರಬೇಕು. ಮುಳ್ಳು ಅಂಗೈಗೆ ಇಳಿದಿತ್ತು. ಮೀನು ಗಾಳ ಸಮೇತ ಕಲ್ಲಿನ ಮೇಲೆ ಬಿದ್ದು ಒದ್ದಾಡುತ್ತಿತ್ತು. ಮಾಡಿದ್ದುಣ್ಣೋ ಮಹರಾಯ. ನನಗೆ ಪಾಪ ಅನ್ನಿಸಲಿಲ್ಲ, ಹೊಟ್ಟೆ ತಣ್ಣಗಾಯಿತು.

ಬಿಸಿನೀರಿನಲ್ಲಿ ಕೈ ಅದ್ದಿದರೆ ಆ ಉರಿ ಇಳಿಯುತ್ತದೆಂದು ನನಗೆ ಗೊತ್ತಿತ್ತು. ಬಿಸಿನೀರಿನ ಫ್ಲಾಸ್ಕ್ ಚಾಪೆಯ ಮೇಲೇ ಇತ್ತು. “ಎಂತಾದ್ರೂ ಮಾಡು ಮಾರಾಯ್ತಿ!” ಎಂದು ಗಂಡ ಕೂಗಿದರು.

ಮಾಡಿದೆ. ಒದ್ದೆ ಬಟ್ಟೆ ಸುತ್ತಿ ಮೀನನ್ನು ಹಿಡಿದೆ, ಅದರ ಬಾಯಿಯಿಂದ ಗಾಳವನ್ನು ನಿಧಾನವಾಗಿ ಬಿಡಿಸಿದೆ, ಕೆಳಗಿನ ಕಲ್ಲಿಗೆ ಇಳಿದು ನೀರಿನಲ್ಲಿಟ್ಟು ಹಿಡಿದುಕೊಂಡೆ. ಬೆನ್ನ ಹಿಂದೆ ಆ ಹಿರಿಯರು ಅಳುದನಿಯಲ್ಲಿ, “ವೈನಿ, ನನ್ನ ಕೈ ನೋಡ್ರಿ, ವೈನಿ,” ಎನ್ನುತ್ತಿದ್ದರು.

“ಸ್ವಲ್ಪ ನಿಲ್ಲಿ,” ಎಂದೆ. “ಇವನಿಗೆ ಮೊದಲು ಉಸಿರು ಬರ್ಲಿ.”