ಚಿಕ್ಕವ್ವನ ತಲೆಗೆ ಕಟ್ಟಿದ ಹಾಲುರೋಗ

ಇವತ್ತು ಬೆಳಿಗ್ಗೆ ಹುಳದ ಮನೆಯ ಬಾಗಿಲು ತೆಗೆದರೆ ಅದೇ ನಾತ. ಬಾಡಿದ ಹಿಪ್ಪುನೇರಳೆ ಸೊಪ್ಪು, ಕೊಳೆತ ರೇಷ್ಮೆ ಹುಳ... ಪಕ್ಕದ ಮನೆಯ ಚಿಕ್ಕವ್ವ ನೆನಪಾದಳು.

ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸತು. ಗಂಡನಿಲ್ಲದ ಚಿಕ್ಕವ್ವನಿಗೆ ರೇಷ್ಮೆ ಹುಳವೇ ಅನ್ನ. ಹುಳ ಸಾಕುವ ಬಿದಿರು ತಟ್ಟೆಗಳನ್ನು ಊರ ಯಜಮಾನರ ಮನೆಯಿಂದ ಎರವಲು ತರುತ್ತಿದ್ದಳು. ಆ ಸಲ ಹಾಲುರೋಗ ಬಂದು ಯಜಮಾನರ ಹುಳಗಳೆಲ್ಲ ಸತ್ತಿದ್ದವು. ಅದೇ ತಟ್ಟೆಗಳಿಗೆ ಸಗಣಿ ಸಾರಿಸಿ ಇವಳಿಗೆ ಕೊಟ್ಟರು. ಸಗಣಿ ಬಿದ್ದರೆ ಎಲ್ಲವೂ ಶುದ್ಧ ಅಂತ ನಂಬಿಕೆ!

ಇನ್ನೇನು ಗೂಡು ಕಟ್ಟಬೇಕು, ಚಿಕ್ಕವ್ವನ ಹುಳಗಳು ಊದಿಕೊಂಡು, ಮೈ ಒಡೆದು, ಹಾಲಿನಂಥ ನೀರು ಸುರಿಸಿ ಸತ್ತವು.

ಯಜಮಾನರು ಬೀದಿಯಲ್ಲೇ ಕೂಗಾಡಿದರು. "ಮುಟ್ಟಾದೋಳು ಉಳದ ಮನೇಗೆ ಓಗಿದ್ದೀಯ ಕಣಮ್ಮಿ! ಇನ್ಮ್ಯಾಕೆ ನಿಂಗೆ ತಟ್ಟೆ ಇಲ್ಲ."

ಹೌದು, ಹೋಗಿದ್ದಳು. ಹಸಿದ ಹುಳಕ್ಕೆ ಸೊಪ್ಪು ಹಾಕೋಕೆ ಅವಳ ಮನೆಯಲ್ಲಿ ಇನ್ಯಾರಿದ್ದರು?

ಆಮೇಲೆ ರೇಷ್ಮೆ ಇನ್ಸ್‌ಪೆಕ್ಟರು ಬಂದರು, ತಮಿಳಿನವರು. ಯಜಮಾನರ ಜಗುಲಿಯಲ್ಲೇ ಸೂಕ್ಷ್ಮದರ್ಶಕ ಇಟ್ಟು, ಸತ್ತ ಹುಳದ ಹಾಲನ್ನು ಒಂದು ತೊಟ್ಟು ಗಾಜಿನ ಮೇಲೆ ಹಾಕಿ ತೋರಿಸಿದರು. ಹುಳದ ಮೈಯೆಲ್ಲ ಸಣ್ಣ ಸಣ್ಣ ಕೋಶ, ಒಂದೊಂದರ ನಡುವೆ ಒಂದು ತಿರುಳು. ರೋಗದ ವೈರಸ್ಸು ಆ ತಿರುಳಿಗೇ ನುಗ್ಗಿ ಅದರ ಒಳರಚನೆ ಕೆಡಿಸುತ್ತದಂತೆ. ಒಳಗೆ ಕಲ್ಲುಸಕ್ಕರೆಯಂಥ ಹರಳು ತುಂಬಿ, ತಿರುಳು ಉಬ್ಬಿ ಒಡೆಯುತ್ತದಂತೆ. ಆ ಹರಳು ಹಳೇ ತಟ್ಟೆಯಲ್ಲಿ ಉಳಿದು ಮುಂದಿನ ಹುಳಕ್ಕೂ ಹತ್ತುತ್ತದೆ, ಸಗಣಿಗೆಲ್ಲ ಅದು ಬಗ್ಗುವುದಿಲ್ಲ ಅಂದರು.

"ಪಾರಮ್ಮಾ, ಇಲ್ಲಿ ನೋಡು, ಮುಟ್ಟಿಗೂ ಇದಕ್ಕೂ ಸಂಬಂಧ ಇಲ್ಲೆ" ಅಂತ ಚಿಕ್ಕವ್ವನನ್ನು ಕರೆದರು.

ಚಿಕ್ಕವ್ವ ಒಂದು ಕಣ್ಣು ಮುಚ್ಚಿ ನೋಡಿದಳು. "ನನ್ನಿಂದಲ್ಲ ಕಣವ್ವಾ, ನನ್ನಿಂದಲ್ಲ" ಅಂತ ನನ್ನ ಕೈ ಹಿಡಿದು ಅತ್ತಳು.

ಯಜಮಾನರೂ ನೋಡಿದರು. "ಅರಳು ಇರ್ಬೋದು ಸಾ. ಅದನ್ನ ಒಳಿಕ್ಕೆ ಬುಟ್ಟಿದ್ದು ಇವಳ ಮೈಲ್ಗೆ ತಾನೆ?"

ಎಂಥ ಮೊಂಡುತನ! ನಿಮ್ಮ ಹುಳ ಸತ್ತಿದ್ದು ಯಾರ ಮೈಲಿಗೆಯಿಂದ ಅಂತ ಕೇಳಿಯೇಬಿಟ್ಟೆ.

"ಸುಮ್ಕಿರಮ್ಮಿ, ನಿನ್ನೆ ಮೊನ್ನೆ ಬಂದೋಳು" ಅಂದರು.

ಅವಳಿಗೆ ಮತ್ತೆ ತಟ್ಟೆ ಸಿಗಲಿಲ್ಲ. ಹನೂರಿನ ಕಡೆ ಕೂಲಿಗೆ ಹೋದಳು. ಅಲ್ಲೇ ತೀರಿಕೊಂಡಳಂತೆ... ನಮಗೆ ಸುದ್ದಿ ಮುಟ್ಟಿದ್ದು ಎಷ್ಟೋ ದಿನದ ಮೇಲೆ.

ಇವತ್ತು ರೋಗದ ತಟ್ಟೆಗಳನ್ನು ಹೊರಗೆ ತರುವಾಗ ನೋಡುತ್ತೇನೆ, ಮೊಮ್ಮಗನ ಹೆಂಡತಿ ಹೊಸ್ತಿಲಾಚೆ ತಲೆ ತಗ್ಗಿಸಿ ನಿಂತಿದ್ದಾಳೆ.

"ನಾನು ಒಳಿಕ್ಕೆ ಬರಂಗಿಲ್ಲ ಅಜ್ಜಿ, ಮುಟ್ಟಾಗಿವ್ನಿ."

ತಟ್ಟೆಗಳನ್ನು ಕೆಳಗಿಟ್ಟೆ. "ಕೈ ತೊಳ್ಕಂಡು ಒಳಿಕ್ಕೆ ಬಾ" ಅಂದೆ.

ಇಷ್ಟೇ ಮಾತು. ಚಿಕ್ಕವ್ವನಿಗೆ ಇದನ್ನು ಹೇಳುವವರು ಈ ಊರಲ್ಲಿ ಒಬ್ಬರೂ ಇರಲಿಲ್ಲ.